ಹಂಚು, ಅಚ್ಚುಮೊಳೆ, ಎರಡಾಣೆ

ಯಂತ್ರಯುಗ ನಮಗೆ ಕೊಟ್ಟದ್ದೇನು, ನಮ್ಮಿಂದ ಕಸಿದುಕೊಂಡದ್ದೇನು ಎಂಬ ಮಾತು ನಮ್ಮ ಮಠಗಳ ಗೋಷ್ಠಿಗಳಲ್ಲಿ ಆಗಾಗ ಬರುತ್ತದೆ. ಬಂದಾಗಲೆಲ್ಲ ಸಭೆ ಎರಡು ಪಾಲಾಗುತ್ತದೆ. ಹೊಸದೆಂಬುದು ಯಾವುದೂ ಇಲ್ಲ, ಎಲ್ಲವನ್ನೂ ಶರಣರು ಹನ್ನೆರಡನೆಯ ಶತಮಾನದಲ್ಲೇ ಹೇಳಿ ಮುಗಿಸಿದ್ದಾರೆ ಎನ್ನುವವರು ಒಂದು ಕಡೆ. ವಿಜ್ಞಾನ, ಬ್ಯಾಂಕು, ಪತ್ರಿಕೆ, ಕಾದಂಬರಿ ಎಲ್ಲವೂ ಹಡಗಿನಲ್ಲಿ ಬಂದಿಳಿದವು, ನಾವು ಬರೀ ಕೈಯೊಡ್ಡಿದವರು ಎನ್ನುವವರು ಇನ್ನೊಂದು ಕಡೆ. ಪ್ರಸಾದದ ಹೊತ್ತಾಗುವಾಗಲೂ ಎರಡೂ ಕಡೆಯವರು ತಮ್ಮ ತಮ್ಮ ಮಾತಿನಲ್ಲೇ ನಿಂತಿರುತ್ತಾರೆ.

ನಾನು ಸರ್ಕಾರಿ ಸೇವೆಯಲ್ಲಿ ಕಟ್ಟಡ, ರಸ್ತೆಗಳ ಅಂದಾಜು ಪಟ್ಟಿ ಬರೆದು ಆಯುಷ್ಯ ಕಳೆದವನು. ನಿವೃತ್ತಿಯ ಮೇಲೆ ಉಳ್ಳಾಲದಲ್ಲಿ ನೆಲೆಸಿದ್ದೇನೆ. ಇಂಥ ಪ್ರಶ್ನೆಯನ್ನು ಗಾಳಿಯಲ್ಲಿ ತೂರುವುದಕ್ಕಿಂತ ಒಂದು ಊರಿನ ನೆಲದ ಮೇಲಿಟ್ಟು ಅಳೆಯುವುದು ನನ್ನ ವೃತ್ತಿಯ ರೂಢಿ. ಅದಕ್ಕೆ ಹೇಳಿ ಮಾಡಿಸಿದ ನೆಲ ನನ್ನ ಮನೆಯ ಹತ್ತಿರವೇ ಇದೆ. ನೇತ್ರಾವತಿಯ ಈ ದಂಡೆಯಲ್ಲಿ ಉಳ್ಳಾಲ, ಆ ದಂಡೆಯಲ್ಲಿ ಜೆಪ್ಪು. ಯಂತ್ರಯುಗದ ಹೊಸ ವಿಚಾರಗಳು ಕನ್ನಡ ನಾಡಿಗೆ ಬಂದ ಮುಖ್ಯ ಬಾಗಿಲುಗಳಲ್ಲಿ ಇದೂ ಒಂದು. ಅವು ಪ್ರಬಂಧಗಳಾಗಿ ಬರಲಿಲ್ಲ, ವಸ್ತುಗಳಾಗಿ ಬಂದವು. ಮೂರು ವಸ್ತುಗಳನ್ನು ಮಾತ್ರ ಇಲ್ಲಿ ಎತ್ತಿಕೊಳ್ಳುತ್ತೇನೆ: ಒಂದು ಹಂಚು, ಒಂದು ಅಚ್ಚುಮೊಳೆ, ಎರಡಾಣೆ ನಾಣ್ಯ.

ಮೊದಲು ಹಂಚು. ಘಟ್ಟದ ಮೇಲಿನವರು ಮಂಗಳೂರು ಹೆಂಚು ಎನ್ನುವುದು ಇದನ್ನೇ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಿಂದ ಹೊರಟ ಕ್ರೈಸ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಅವರ ಮತ ಸೇರಿದವರು ಜಾತಿಯಿಂದ ಹೊರಬಿದ್ದರು. ಜಾತಿಯೊಂದಿಗೆ ಕಸುಬೂ ಹೋಯಿತು, ಗೇಣಿ ಭೂಮಿಯೂ ಹೋಯಿತು. ಅವರಿಗೆ ಅನ್ನದ ದಾರಿ ತೋರಿಸಬೇಕಾದ ಇಕ್ಕಟ್ಟಿನಲ್ಲಿ ಮಿಷನ್ ಬೇಸಾಯ, ಮರಗೆಲಸ, ಗಡಿಯಾರದ ಕೆಲಸ ಎಂದು ಒಂದೊಂದನ್ನೇ ಹಚ್ಚಿ ನೋಡಿತು. ಹೆಚ್ಚಿನವು ಕೈಗೂಡಲಿಲ್ಲ. ನೇಯ್ಗೆ ನಿಂತಿತು. 1865ರಲ್ಲಿ ಜೆಪ್ಪುವಿನಲ್ಲಿ ಶುರುವಾದ ಹಂಚಿನ ಕಾರ್ಖಾನೆ ಊರಿನ ಹೆಸರನ್ನೇ ಹೊತ್ತು ಲೋಕ ತಿರುಗಿತು.

ಅದನ್ನು ಆರಂಭಿಸಿದ ಜಾರ್ಜ್ ಪ್ಲೆಬ್ಸ್ಟ್ ಧರ್ಮಬೋಧಕನಿಗಿಂತ ಹೆಚ್ಚಾಗಿ ಯಂತ್ರದ ಮನುಷ್ಯ. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅವನ ಕಣ್ಣಿಗೆ ಬಿತ್ತು. ಒಂದರೊಳಗೊಂದು ಕಚ್ಚಿಕೊಳ್ಳುವ ಹಂಚನ್ನು ಫ್ರಾನ್ಸಿನ ಅಲ್ಸೇಸ್ ಪ್ರಾಂತದ ಜಿಲಾರ್ಡೋನಿ ಸಹೋದರರು 1841ರ ಸುಮಾರಿಗೇ ರೂಪಿಸಿದ್ದರು. ಅಲ್ಲಿನ ರೂಪ, ಇಲ್ಲಿನ ಮಣ್ಣು ಕೂಡಿಕೊಂಡವು. ಮೂರೇ ವರ್ಷದಲ್ಲಿ, 1868ರಲ್ಲಿ, ಆಲ್ಬುಕರ್ಕ್ ಮನೆತನದವರು ತಮ್ಮದೇ ಕಾರ್ಖಾನೆ ತೆರೆದರು. ಮುಂದೆ ನದಿಯ ದಂಡೆಯುದ್ದಕ್ಕೂ ಚಿಮಣಿಗಳು ಎದ್ದವು. ಹೊರಗಿನಿಂದ ಬಂದ ವಿದ್ಯೆಯನ್ನು ಊರವರು ಎಷ್ಟು ಬೇಗ ತಮ್ಮದಾಗಿಸಿಕೊಂಡರು ಎಂಬುದಕ್ಕೆ ಈ ಮೂರು ವರ್ಷದ ಅಂತರವೇ ಸಾಕ್ಷಿ. ನಾವು ಬರೀ ಕೈಯೊಡ್ಡಿದವರು ಎನ್ನುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಂಚಿನಲ್ಲಿ ಅಂಥ ವಿಜ್ಞಾನವೇನಿದೆ ಎಂದು ಯಾರಾದರೂ ಕೇಳಬಹುದು. ಒಂದನ್ನು ಕೈಗೆತ್ತಿಕೊಂಡು ನೋಡಬೇಕು. ಮೇಲ್ಮೈಯಲ್ಲಿ ನೀರು ಹರಿಯುವ ಕಾಲುವೆ, ಅಂಚಿನಲ್ಲಿ ಪಕ್ಕದ ಹಂಚು ಕೂರುವ ಗಾಡಿ, ಕೆಳಗೆ ರೀಪಿಗೆ ಸಿಕ್ಕಿಕೊಳ್ಳುವ ಮೂಗು. ಮೊಳೆ ಬೇಡ, ಗಾರೆ ಬೇಡ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯನ್ನು ಬರೀ ಆಕಾರದ ಬಲದಿಂದ ಕೆಳಗಿಳಿಸುತ್ತದೆ. ಒಂದು ಹಂಚಿನ ತೂಕ ಎರಡೂವರೆ, ಮೂರು ಕಿಲೋ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು, ಅಂದರೆ ಹೆಚ್ಚೆಂದರೆ 45 ಕಿಲೋ. ಅಷ್ಟೇ ಜಾಗಕ್ಕೆ 100 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹಾಕಿದರೆ 250 ಕಿಲೋ ಭಾರ. ಹಂಚುಗಳ ಸಂದಿಯಲ್ಲಿ ಗಾಳಿಯಾಡುವುದರಿಂದ ಬಿಸಿಗಾಳಿ ಮೇಲಿನಿಂದಲೇ ಹೊರಟುಹೋಗುತ್ತದೆ. ಒಂದು ಒಡೆದರೆ ಒಂದನ್ನೇ ತೆಗೆದು ಒಂದನ್ನೇ ಹಾಕಬಹುದು.

ಈ ಕೊನೆಯ ಮಾತಿನಲ್ಲೇ ಆ ಯುಗದ ಮುಖ್ಯ ವಿಚಾರ ಅಡಗಿದೆ. ಹಿಂದೆ ಕುಂಬಾರನು ತಿರುಗಿಸಿದ ನಾಡಹೆಂಚು ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ. ಅದರ ಮಾಡು ವರ್ಷಕ್ಕೊಮ್ಮೆ ಕೈಯಾಡಿಸದಿದ್ದರೆ ಸೋರುತ್ತಿತ್ತು. ಮುಳಿಹುಲ್ಲಿನ ಮಾಡಂತೂ ವರ್ಷ ವರ್ಷ ಹೊಸದಾಗಿ ಹೊದೆಸಬೇಕು, ಬೆಂಕಿಯ ಭಯ ಬೇರೆ. ಅಚ್ಚಿನಲ್ಲಿ ಒತ್ತಿದ ಹಂಚು ಸಾವಿರದಲ್ಲಿ ಯಾವುದನ್ನು ತೆಗೆದರೂ ಇನ್ನೊಂದರ ಜಾಗದಲ್ಲಿ ಕೂರುತ್ತದೆ. ಭಾಗ ಚಿಕ್ಕದು, ಅಳತೆ ಒಂದೇ, ಎಷ್ಟು ಬೇಕಾದರೂ ಜೋಡಿಸಬಹುದು, ಕೆಟ್ಟದ್ದನ್ನು ಬದಲಿಸಬಹುದು. ಈ ಒಂದು ತತ್ವ ಗೊತ್ತಾದರೆ ಬಂದೂಕಿನಿಂದ ಹೊಲಿಗೆ ಯಂತ್ರದವರೆಗೆ ಹತ್ತೊಂಬತ್ತನೆಯ ಶತಮಾನದ ಕೈಗಾರಿಕೆಯೆಲ್ಲ ಅರ್ಥವಾಗುತ್ತದೆ.

ಎರಡನೆಯದು ಅಚ್ಚುಮೊಳೆ. ಹಂಚಿನ ಕಾರ್ಖಾನೆಗಿಂತ ಮೊದಲೇ, 1841ರಲ್ಲಿ, ಅದೇ ಮಿಷನ್ ಮಂಗಳೂರಿನಲ್ಲಿ ಕಲ್ಲಚ್ಚಿನ ಮುದ್ರಣಾಲಯ ಇಟ್ಟಿತು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಹೊರತಂದನು. ಆ ದಿನವನ್ನು ಇಂದಿಗೂ ಕನ್ನಡ ಪತ್ರಿಕಾ ದಿನವೆಂದು ಆಚರಿಸುತ್ತೇವೆ. ಕಲ್ಲಚ್ಚಿನಲ್ಲಿ ಪುಟವಿಡೀ ಕೈಯಲ್ಲಿ ಬರೆಯಬೇಕು, ಆ ಪುಟಕ್ಕೆ ಆ ಕಲ್ಲು. ಮುಂದೆ ಬಿಡಿಬಿಡಿ ಅಚ್ಚುಮೊಳೆಗಳು ಬಂದವು. ಹಂಚು ಮಾಡಿದ ಪ್ಲೆಬ್ಸ್ಟ್ ಮೊದಲು ಇದ್ದದ್ದು ಈ ಮುದ್ರಣದ ಕೆಲಸದಲ್ಲೇ. ಅಕ್ಷರವನ್ನು ಅಚ್ಚಿನಲ್ಲಿ ಎರೆಯುವುದನ್ನು ಕಂಡವನಿಗೆ ಮಣ್ಣನ್ನು ಅಚ್ಚಿನಲ್ಲಿ ಒತ್ತುವುದು ಹೊಳೆದರೆ ಅದರಲ್ಲಿ ಆಶ್ಚರ್ಯವಿಲ್ಲ. ಅಲ್ಲಿಯೂ ಅದೇ ತತ್ವ: ಭಾಗ ಚಿಕ್ಕದು, ಅಳತೆ ಒಂದೇ, ಇಂದು 'ಕ' ಎಂಬ ಮೊಳೆ ಒಂದು ಪದದಲ್ಲಿ, ನಾಳೆ ಇನ್ನೊಂದರಲ್ಲಿ.

ಈ ಮುದ್ರಣಾಲಯ ಬೈಬಲನ್ನಷ್ಟೇ ಅಚ್ಚು ಹಾಕಲಿಲ್ಲ. ಮೋಗ್ಲಿಂಗ್ ಸಂಪಾದಿಸಿದ 'ಬಿಬ್ಲಿಯೋಥಿಕಾ ಕರ್ನಾಟಿಕಾ' ಮಾಲೆಯಲ್ಲಿ, 1850ರ ಸುಮಾರಿಗೆ, ಜೈಮಿನಿ ಭಾರತ, ದಾಸರ ಪದಗಳ ಜೊತೆಗೆ ನಮ್ಮ ಬಸವಪುರಾಣವೂ ಇದೇ ಮಂಗಳೂರಿನಿಂದ ಹೊರಬಂತು ಎಂಬುದು ನಮ್ಮಲ್ಲಿ ಹಲವರಿಗೆ ತಿಳಿದಿಲ್ಲ. ಕಿಟ್ಟೆಲರ ನಿಘಂಟು 1894ರಲ್ಲಿ ಇಲ್ಲಿಯೇ ಅಚ್ಚಾಯಿತು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಇದೇ ಮುದ್ರಣಾಲಯದಲ್ಲಿ ಅಚ್ಚಾಯಿತು. ಬಾಲವಿಧವೆಯೊಬ್ಬಳು ಓದಿ, ಮರುಮದುವೆಯಾಗಿ ಬದುಕುವ ಕಥೆ ಅದು. ಪುರಾಣವನ್ನು ಒಬ್ಬರು ಓದಿದರೆ ನೂರು ಮಂದಿ ಕೇಳುತ್ತಿದ್ದರು. ಕಾದಂಬರಿಯನ್ನು ಒಬ್ಬ ಹೆಣ್ಣುಮಗಳು ಮೂಲೆಯಲ್ಲಿ ಕೂತು ತಾನೊಬ್ಬಳೇ ಓದಬಹುದು, ಓದಿ ತನ್ನ ಬದುಕಿನ ಬಗ್ಗೆ ತಾನೇ ಯೋಚಿಸಬಹುದು. ಕಲೆಯಲ್ಲಿ ಆ ಯುಗ ತಂದ ನಿಜವಾದ ಹೊಸತನ ಇದು. ಅಗ್ಗದ ಕಾಗದ, ಬಿಡಿ ಮೊಳೆ ಇಲ್ಲದೆ ಅದು ಆಗುತ್ತಿರಲಿಲ್ಲ.

ಮೂರನೆಯದು ಎರಡಾಣೆ. ಮಂಗಳೂರು, ಉಡುಪಿಗಳ ಈ ಪಟ್ಟಿ ಬ್ಯಾಂಕುಗಳ ತೊಟ್ಟಿಲು. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನಲ್ಲಿ ಕೆನರಾ ಹಿಂದೂ ಪರ್ಮನೆಂಟ್ ಫಂಡ್ ಸ್ಥಾಪಿಸಿದರು, ಅದೇ ಇಂದಿನ ಕೆನರಾ ಬ್ಯಾಂಕು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ಕಾರ್ಪೊರೇಷನ್ ಬ್ಯಾಂಕಾದ ಸಂಸ್ಥೆಯನ್ನು ಕಟ್ಟಿದರು. ನನ್ನ ಮಾತಿಗೆ ಹೆಚ್ಚು ಹತ್ತಿರವಾದದ್ದು 1925ರಲ್ಲಿ ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು. ಕೈಮಗ್ಗದ ನೇಕಾರರು ಕಷ್ಟಕ್ಕೆ ಸಿಕ್ಕಾಗ ಅವರ ನೆರವಿಗೆಂದು ಉಪೇಂದ್ರ ಅನಂತ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಸೇರಿ ಅದನ್ನು ಆರಂಭಿಸಿದರು. 1928ರಲ್ಲಿ ಅದು ಪಿಗ್ಮಿ ಠೇವಣಿ ತಂದಿತು. ಬ್ಯಾಂಕಿನವನೇ ಮನೆ ಬಾಗಿಲಿಗೆ, ಅಂಗಡಿ ಕಟ್ಟೆಗೆ ಬಂದು ದಿನಕ್ಕೆ ಎರಡಾಣೆಯಷ್ಟನ್ನೂ ಪಡೆದು ಚೀಟಿ ಕೊಡುತ್ತಿದ್ದನು. ಬಂಡವಾಳವೆಂದರೆ ಸಾಹುಕಾರನ ತಿಜೋರಿಯಲ್ಲಿರುವ ಗಂಟು ಎಂದು ನಂಬಿದ್ದ ನಾಡಿನಲ್ಲಿ, ಮೀನು ಮಾರುವ ಹೆಂಗಸಿನ ಎರಡಾಣೆಯೂ ಬಂಡವಾಳವೇ ಎಂದು ತೋರಿಸಿದ ಅರ್ಥಶಾಸ್ತ್ರ ಅದು. ಚಿಕ್ಕ ಭಾಗ, ಒಂದೇ ಅಳತೆ, ಜೋಡಿಸಿದರೆ ದೊಡ್ಡ ಮಾಡು.

ಇದೆಲ್ಲ ಕರಾವಳಿಯ ಕಥೆ, ನಮಗೇನು ಸಂಬಂಧ ಎನ್ನಬೇಡಿ. ನಮ್ಮ ಹಿರಿಯರು ಈ ವಿಚಾರಗಳನ್ನು ಎಷ್ಟು ಚೆನ್ನಾಗಿ ಹಿಡಿದುಕೊಂಡರೆಂದರೆ, ಇಂದು ನಮ್ಮ ಕೈಯಲ್ಲಿರುವ ವಚನ ಸಾಹಿತ್ಯವೇ ಅದರ ಫಲ. ಫ.ಗು. ಹಳಕಟ್ಟಿಯವರು ಓಲೆಗರಿಗಳಲ್ಲಿ ಚದುರಿಹೋಗಿದ್ದ ವಚನಗಳನ್ನು ಹುಡುಕಿ, ಹೋಲಿಸಿ, 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗ ಹೊರತಂದರು. 1925ರಲ್ಲಿ ಸ್ವಂತ ಮನೆ ಮಾರಿ ವಿಜಯಪುರದಲ್ಲಿ ಹಿತಚಿಂತಕ ಮುದ್ರಣಾಲಯ ಇಟ್ಟರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭಿಸಿದರು. ಇದು ನಮಗೆ ಗೊತ್ತು. ಅದೇ ಹಳಕಟ್ಟಿಯವರು 1912ರಲ್ಲಿಯೇ ವಿಜಯಪುರದಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಕಟ್ಟಿದ್ದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅದಕ್ಕೂ ಮುಂಚೆ, 1905ರಲ್ಲಿ, ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿ ದೇಶಕ್ಕೇ ದಾರಿ ತೋರಿಸಿದ್ದರು. ದಕ್ಷಿಣ ಕನ್ನಡದಲ್ಲಿ ಮೊಳಹಳ್ಳಿ ಶಿವರಾಯರು ಅದೇ ಕೆಲಸಕ್ಕೆ ಜೀವ ತೇದರು. ವಚನ ಉಳಿಸಲು ಮುದ್ರಣಾಲಯ ಬೇಕು, ರೈತ ಉಳಿಯಲು ಸಹಕಾರ ಸಂಘ ಬೇಕು, ಎರಡೂ ಒಂದೇ ಕಾಯಕದ ಎರಡು ಕೈಗಳು ಎಂದು ಆ ತಲೆಮಾರಿಗೆ ಗೊತ್ತಿತ್ತು. ಹೊಸದು ಯಾವುದೂ ಇಲ್ಲ ಎನ್ನುವವರಿಗೆ ನನ್ನ ಉತ್ತರ ಹಳಕಟ್ಟಿಯವರ ಬದುಕು. ಅವರು ಹಳೆಯದನ್ನು ಉಳಿಸಿದ್ದು ಹೊಸದನ್ನು ಹಿಡಿದುಕೊಂಡೇ.

ಈಗ ಬೆಲೆಯ ಮಾತು. ಯಾವ ಅಂದಾಜು ಪಟ್ಟಿಯಲ್ಲೂ ಬರೀ ಲಾಭದ ಕಲಮು ಇರುವುದಿಲ್ಲ. ಒಂದೇ ಅಳತೆಯ ಹಂಚು ಬಂದ ಮೇಲೆ ಊರೂರಿನ ಕುಂಬಾರರ ನಾಡಹೆಂಚಿನ ಕಸುಬು ಕುಂದಿತು. ಭಟ್ಟಿಗಳು ಕಾಡಿನ ಕಟ್ಟಿಗೆ ತಿಂದವು. ಗದ್ದೆಯ ಜೇಡಿಮಣ್ಣು ಹೋದಲ್ಲಿ ಹೊಂಡಗಳು ಉಳಿದವು. ಎಲ್ಲಕ್ಕಿಂತ ಮುಖ್ಯವಾಗಿ, ಹಂಚಿಗೆ ಹಚ್ಚಿದ ತತ್ವವನ್ನು ಮನುಷ್ಯನಿಗೂ ಹಚ್ಚಲಾಯಿತು. ಒಬ್ಬ ಕೂಲಿಯವನು ಹೋದರೆ ಅದೇ ಅಳತೆಯ ಇನ್ನೊಬ್ಬ. ಗಂಟೆ ಹೊಡೆದಾಗ ಒಳಗೆ, ಗಂಟೆ ಹೊಡೆದಾಗ ಹೊರಗೆ. 1881ರ ಕಾರ್ಖಾನೆ ಕಾಯ್ದೆ ಏಳು ವರ್ಷದೊಳಗಿನ ಮಕ್ಕಳನ್ನು ದುಡಿಸಬಾರದು ಎಂದು ಬರೆಯಬೇಕಾಯಿತು. ಏಳರಿಂದ ಹನ್ನೆರಡರ ಮಕ್ಕಳಿಗೆ ಒಂಬತ್ತು ಗಂಟೆಯ ಮಿತಿ ಹಾಕಿದ್ದೇ ಆಗ ದೊಡ್ಡ ದಯೆ ಎನಿಸಿತು. ಕಾಯ್ದೆಯಲ್ಲಿ ಹೀಗೆ ಬರೆಯಬೇಕಾಯಿತೆಂದರೆ ದೇಶದ ಕಾರ್ಖಾನೆಗಳ ಒಳಗೆ ನಡೆಯುತ್ತಿದ್ದದ್ದೇನೆಂದು ಊಹಿಸಬಹುದು.

ಇದಕ್ಕೆ ಉತ್ತರವೂ ಕಾರ್ಖಾನೆಯ ಒಳಗಿನಿಂದಲೇ ಬಂತು. ಮಂಗಳೂರಿನ ಹಂಚಿನ ಕಾರ್ಮಿಕರು, ಗೇರುಬೀಜದ ಕಾರ್ಮಿಕರು, ಬೀಡಿ ಕಟ್ಟುವವರು ಸಂಘ ಕಟ್ಟಿದರು. ಬಿ.ವಿ. ಕಕ್ಕಿಲ್ಲಾಯರಂಥವರು ಅವರ ನಡುವೆ ಆಯುಷ್ಯ ಸವೆಸಿದರು. ಅವರ ರಾಜಕೀಯವನ್ನು ಒಪ್ಪುವುದು ಬಿಡುವುದು ಬೇರೆ ಮಾತು. ದುಡಿಯುವವನು ಬದಲಿಸಬಹುದಾದ ಹಂಚಲ್ಲ ಎಂದು ಅವರು ಹೇಳಿದ್ದು ನಮ್ಮ ಕಿವಿಗೆ ಹೊಸದಾಗಬಾರದು. ಕಾಯಕವೆಂದರೆ ಬರೀ ದುಡಿಮೆಯಲ್ಲ, ದುಡಿಯುವವನ ಘನತೆ ಎಂದು ಎಂಟುನೂರು ವರ್ಷದಿಂದ ಹೇಳುತ್ತಾ ಬಂದವರು ನಾವು. ಕೂಲಿ, ಬಂಡವಾಳ, ಲಾಭ ಎಂಬ ಮೂರು ಮಾತಿನ ಅರ್ಥಶಾಸ್ತ್ರಕ್ಕೆ ಕಾಯಕ, ದಾಸೋಹ ಎಂಬ ಎರಡು ಮಾತು ಸೇರಿಸುವ ಅವಕಾಶ ನಮಗಿತ್ತು. ಈಗಲೂ ಇದೆ.

ಆದರೆ ನಮ್ಮ ಅಂಗಳದಲ್ಲಿ ಏನು ನಡೆದಿದೆ? ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ಹಡಪದ ಅಪ್ಪಣ್ಣ ಎಂದು ಜಯಂತಿಯ ಮೆರವಣಿಗೆಯಲ್ಲಿ ಕೂಗುತ್ತೇವೆ. ಅದೇ ವಾರ ವಧೂವರರ ಜಾಹೀರಾತಿನಲ್ಲಿ ಒಳಪಂಗಡ ಬರೆದು, ಇಂಥವರೇ ಬೇಕು ಎಂದು ಷರತ್ತು ಹಾಕುತ್ತೇವೆ. ಬುಟ್ಟಿ ಹೆಣೆಯುವವನ ಹೆಸರು ಭಜನೆಗೆ ಬೇಕು, ಅವನ ಮನೆಯ ಸಂಬಂಧ ಬೇಡ. ಕೈಗೆಲಸದ ಬಗ್ಗೆ ನಮಗಿರುವ ಈ ಕೀಳರಿಮೆ ಶಿಕ್ಷಣಕ್ಕೂ ಇಳಿದಿದೆ. 1947ರಲ್ಲಿ ಹುಬ್ಬಳ್ಳಿಯಲ್ಲಿ ಭೂಮರಡ್ಡಿ ಕಾಲೇಜು, 1963ರಲ್ಲಿ ತುಮಕೂರಿನಲ್ಲಿ ಸಿದ್ಧಗಂಗಾ ಕಾಲೇಜು ಎಂದು ನಮ್ಮ ಸಂಸ್ಥೆಗಳು, ಮಠಗಳು ಎಂಜಿನಿಯರಿಂಗ್ ಶಿಕ್ಷಣಕ್ಕೆ ಮುಂಚಿತವಾಗಿ ಕೈಹಾಕಿದವು. ಅದು ನಾಡಿಗಾದ ದೊಡ್ಡ ಉಪಕಾರ. ಇಂದು ಅಲ್ಲಿಗೆ ಬರುವ ಹುಡುಗರ ತಂದೆತಾಯಿ ಕೇಳುವುದು ಯಾವ ಕಂಪನಿ ಬರುತ್ತದೆ, ಎಷ್ಟು ಪ್ಯಾಕೇಜು ಎಂದು. ಮಗ ಲೇತ್ ಯಂತ್ರದ ಮುಂದೆ ನಿಂತು ಕೈ ಕಪ್ಪು ಮಾಡಿಕೊಂಡರೆ ಮನೆಯವರಿಗೆ ಮರ್ಯಾದೆ ಹೋದಂತೆ. ಪ್ಲೆಬ್ಸ್ಟ್ ಮಣ್ಣು ಮುಟ್ಟದೆ ಕಚೇರಿಯಲ್ಲೇ ಕುಳಿತಿದ್ದರೆ ಮಂಗಳೂರು ಹಂಚು ಹುಟ್ಟುತ್ತಿರಲಿಲ್ಲ.

ಇದನ್ನು ಈಗಲೇ ಹೇಳಲು ಕಾರಣವಿದೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿವೆ, ಉಳಿದವೂ ಏದುಸಿರು ಬಿಡುತ್ತಿವೆ. ಕಾಂಕ್ರೀಟು ಬಂತು, ತಗಡಿನ ಶೀಟು ಬಂತು, ಮಣ್ಣು ತೆಗೆಯುವುದು ಕಷ್ಟವಾಯಿತು, ಆ ಕೆಲಸಕ್ಕೆ ಹೊಸ ಹುಡುಗರು ಬರುವುದಿಲ್ಲ. ಭಟ್ಟಿಯ ಬಣ್ಣ ನೋಡಿ ಉರಿ ತಿಳಿಯುವ, ಹಂಚನ್ನು ಬೆರಳ ಗಂಟಿನಿಂದ ತಟ್ಟಿ ಸದ್ದಿನಲ್ಲೇ ಬೇಯಿತೋ ಇಲ್ಲವೋ ಹೇಳುವ ಹಿರಿಯರು ಕೆಲವರೇ ಉಳಿದಿದ್ದಾರೆ. ಬ್ಯಾಂಕುಗಳದೂ ಬೇರೆ ಕಥೆಯಲ್ಲ. ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರಿಲ್ಲದಾದವು. ಒಂದು ಯುಗದ ವಸ್ತು ಹೋಗುವುದು ಸಹಜ, ಅದಕ್ಕೆ ಅಳಬೇಕಿಲ್ಲ. ವಸ್ತುವಿನೊಂದಿಗೆ ವಿಚಾರವೂ ಹೋಗಬಾರದು. ಹೋದರೆ ಮುಂದಿನ ಯುಗಕ್ಕೆ ನಾವು ಬರೀ ಗಿರಾಕಿಗಳಾಗಿ ಉಳಿಯುತ್ತೇವೆ.

ಆದ್ದರಿಂದ ನಮ್ಮ ಪೂಜ್ಯರ ಮುಂದೆ, ಸಂಸ್ಥೆಗಳ ಆಡಳಿತ ಮಂಡಳಿಗಳ ಮುಂದೆ ನಾಲ್ಕು ಕೆಲಸಗಳನ್ನು ವಿನಯದಿಂದ ಇಡುತ್ತೇನೆ. ಯಾವುದಕ್ಕೂ ಕೋಟಿ ರೂಪಾಯಿ ಬೇಡ.

ಮೊದಲನೆಯದು, ಮಠಗಳ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್, ಐಟಿಐಗಳ ವಿದ್ಯಾರ್ಥಿಗಳು ಅಂತಿಮ ವರ್ಷದ ಪ್ರಾಜೆಕ್ಟಿಗೆ ಪೇಟೆಯಲ್ಲಿ ಸಿದ್ಧವಾದದ್ದನ್ನು ತರುವುದು ನಿಲ್ಲಲಿ. ತಮ್ಮ ಸೀಮೆಯ ಒಂದು ಕಸುಬನ್ನು ಅಳತೆ ಹಾಕಿ, ನಕ್ಷೆ ತೆಗೆದು, ದುಡಿಯುವವರ ಮಾತನ್ನು ಬರೆದುಕೊಂಡು ಬರಲಿ. ಇಲ್ಲಿ ಹಂಚಿನ ಭಟ್ಟಿ, ಇಳಕಲ್ಲಿನಲ್ಲಿ ಸೀರೆಯ ಮಗ್ಗ, ಗೋಕಾಕದಲ್ಲಿ ಮರದ ಗೊಂಬೆ. ಹಳಕಟ್ಟಿಯವರು ಓಲೆಗರಿಗೆ ಮಾಡಿದ್ದನ್ನು ನಾವು ಕಸುಬಿಗೆ ಮಾಡಬೇಕಾಗಿದೆ.

ಎರಡನೆಯದು, ಹೊಸ ಪ್ರಸಾದ ನಿಲಯ, ದಾಸೋಹ ಭವನ ಕಟ್ಟುವಾಗ ಕಾಂಕ್ರೀಟ್ ಎಂದು ಬರೆಯುವ ಮುನ್ನ ಮೂರು ಪ್ರಶ್ನೆ ಕೇಳಿ: ಭಾರವೆಷ್ಟು, ಬೇಸಿಗೆಯಲ್ಲಿ ಒಳಗೆ ಸೆಖೆಯೆಷ್ಟು, ಕೆಟ್ಟರೆ ರಿಪೇರಿ ಮಾಡುವವರು ಯಾರು. ಬಹುಮಹಡಿಗೆ ಕಾಂಕ್ರೀಟೇ ಬೇಕು. ಒಂದೇ ಅಂತಸ್ತಿನ ಊಟದ ಮನೆಗೆ ಬೇಕೇಬೇಕೆಂದಿಲ್ಲ. ಸಿಮೆಂಟು ತಯಾರಿಕೆಯಿಂದಲೇ ಲೋಕದ ಇಂಗಾಲದ ಹೊಗೆಯ ನೂರಕ್ಕೆ ಏಳೆಂಟು ಪಾಲು ಬರುತ್ತದೆ ಎಂಬುದೂ ಲೆಕ್ಕದಲ್ಲಿರಲಿ. ಹಂಚಿನ ಭಟ್ಟಿಯೂ ಉರುವಲು ಬೇಡುತ್ತದೆ, ಆದ್ದರಿಂದ ಎರಡನ್ನೂ ತೂಗಿ ನೋಡಿ, ಕಣ್ಣುಮುಚ್ಚಿ ಯಾವುದನ್ನೂ ಬರೆಯಬೇಡಿ.

ಮೂರನೆಯದು, ಪ್ರತಿ ವಿದ್ಯಾರ್ಥಿ ನಿಲಯದಲ್ಲಿ ಮಕ್ಕಳೇ ನಡೆಸುವ ಒಂದು ಸಹಕಾರ ಸಂಘವಿರಲಿ. ಪುಸ್ತಕ, ಸಾಬೂನು, ಪೆನ್ನು ಮಾರಲಿ. ತಿಂಗಳ ಲೆಕ್ಕವನ್ನು ಸೂಚನಾ ಫಲಕದ ಮೇಲೆ ಹಚ್ಚಲಿ. ಸಹಕಾರ ಸಂಘಗಳು ಕೆಡುವುದು ದುಡ್ಡಿಲ್ಲದೆ ಅಲ್ಲ, ಲೆಕ್ಕ ಮುಚ್ಚಿಡುವುದರಿಂದ. ಹದಿನೈದನೆಯ ವಯಸ್ಸಿನಲ್ಲಿ ಬಹಿರಂಗವಾಗಿ ಲೆಕ್ಕ ಒಪ್ಪಿಸಿದ ಹುಡುಗ ಐವತ್ತರಲ್ಲಿ ಸಂಘದ ಅಧ್ಯಕ್ಷನಾದಾಗಲೂ ಒಪ್ಪಿಸುತ್ತಾನೆ. ಮಠಗಳೂ ತಮ್ಮ ಲೆಕ್ಕವನ್ನು ಹೀಗೆಯೇ ಭಕ್ತರ ಮುಂದಿಟ್ಟರೆ ಮಕ್ಕಳಿಗೆ ಬೇರೆ ಪಾಠ ಬೇಕಾಗುವುದಿಲ್ಲ.

ನಾಲ್ಕನೆಯದು ಎಲ್ಲಕ್ಕಿಂತ ಕಷ್ಟದ್ದು, ಅದಕ್ಕೆ ಪೈಸೆಯೂ ಬೇಡ. ನಮ್ಮ ಮಠಗಳ ಮೂಲಕ ಹಂಚಿಕೆಯಾಗುವ ಯಾವ ಪತ್ರಿಕೆಯೂ ಒಳಪಂಗಡದ ಷರತ್ತು ಇರುವ ವಧೂವರರ ಜಾಹೀರಾತನ್ನು ಅಚ್ಚು ಹಾಕಬಾರದು. ಅಚ್ಚುಮೊಳೆ ನಮ್ಮ ನಾಡಿಗೆ ಬಂದು 'ಇಂದಿರಾಬಾಯಿ'ಯಂಥ ಪುಸ್ತಕ ಕೊಟ್ಟಿತು, ವಚನಗಳನ್ನು ಮನೆಮನೆಗೆ ತಲುಪಿಸಿತು. ಅದೇ ಮೊಳೆಯಿಂದ ಕಾಯಕಜೀವಿಗಳನ್ನು ಹೊರಗಿಡುವ ಸಾಲು ಜೋಡಿಸುವುದು ಶರಣರಿಗೂ ಸಲ್ಲದು, ಹಳಕಟ್ಟಿಯವರಿಗೂ ಸಲ್ಲದು.

ಹೊಸ ವಿಚಾರ ಯಾವ ಹಡಗಿನಲ್ಲಿ ಬಂತು, ಯಾರ ಮತದವರು ತಂದರು ಎಂಬುದು ಇತಿಹಾಸಕಾರರಿಗೆ ಮುಖ್ಯ. ಬಂದ ವಿಚಾರದಿಂದ ದುಡಿಯುವವನ ತಲೆಯ ಮೇಲೆ ಸೋರದ ಮಾಡು ಬಂತೇ, ಅವನ ಮಗಳ ಕೈಗೆ ಪುಸ್ತಕ ಬಂತೇ, ಅವನ ಎರಡಾಣೆಗೆ ಭದ್ರತೆ ಬಂತೇ ಎಂಬುದು ನಮಗೆ ಮುಖ್ಯ. ಈಗ ಮತ್ತೊಂದು ಯುಗ ಬರುತ್ತಿದೆ. ಅದರ ಯಂತ್ರಗಳು ಬರೆಯುತ್ತವೆ, ಲೆಕ್ಕ ಮಾಡುತ್ತವೆ, ಚಿತ್ರ ಬಿಡಿಸುತ್ತವೆ. ಅದಕ್ಕೂ ಇದೇ ಮೂರು ಪ್ರಶ್ನೆ ಕೇಳಿದರೆ ಸಾಕು. ಕೇಳುವ ಧೈರ್ಯ ನಮ್ಮ ಮಕ್ಕಳಿಗೆ ಬರಬೇಕಾದರೆ ಅವರ ಕೈಗೆ ಮೊದಲು ಮಣ್ಣು, ಕಬ್ಬಿಣ, ಮರ ಹತ್ತಬೇಕು.